ಒಗ್ಗರಣೆ ಹಾಕುವ ಮುಂಚೆ ನಾಯಿಯ ಪಾಲು ತೆಗೆದಿಡಿ

ನಾಯಿಗೆ ಏನು ಹಾಕ್ತೀರಿ ಅಂತ ನಮ್ಮ ದಾವಣಗೆರೆಯಲ್ಲಿ ಯಾರನ್ನೇ ಕೇಳಿ, ಎರಡೇ ಉತ್ತರ ಬರುತ್ತವೆ. ಒಂದು, "ನಾವು ತಿಂದದ್ದೇ ಅದಕ್ಕೂ." ಇನ್ನೊಂದು, "ಅಂಗಡಿ ಪ್ಯಾಕೆಟ್." ಯಾವುದು ಮೇಲು ಅಂತ ಜಗಳ ಆಡುವವರು ಬೇಕಾದಷ್ಟು ಜನ ಇದ್ದಾರೆ. ಮನೆಯಲ್ಲಿ ಮಾಡಿದ್ದೂ ಚೆನ್ನಾಗಿರಬಹುದು, ಪ್ಯಾಕೆಟ್ಟೂ ಚೆನ್ನಾಗಿರಬಹುದು, ಎರಡೂ ಕೆಟ್ಟದಾಗಿಯೂ ಇರಬಹುದು. ನನ್ನ ತಕರಾರು ಬೇರೆ. ನಾವು ಉಂಡು ಮಿಕ್ಕಿದ್ದನ್ನು ನಾಯಿಯ ಊಟ ಅಂತ ಕರೆಯುತ್ತೇವಲ್ಲ, ಅದು ನಿಲ್ಲಬೇಕು. ಅದರ ಪಾಲು ಅಡುಗೆ ಶುರುವಾಗುವಾಗಲೇ ಬೇರೆ ಆಗಬೇಕು. ಈರುಳ್ಳಿ ಬೀಳುವ ಮುಂಚೆ, ಹುಣಸೆಹಣ್ಣು ಹಿಂಡುವ ಮುಂಚೆ, ಒಗ್ಗರಣೆ ಚಟಪಟ ಅನ್ನುವ ಮುಂಚೆ.

ನಮ್ಮ ಮನೆಯಲ್ಲಿರುವವನು ಕೆಂಚ. ನಾಟಿ ನಾಯಿ, ವಿದ್ಯಾನಗರದ ನಮ್ಮ ಬೀದಿಯಲ್ಲೇ ಹುಟ್ಟಿದವನು, 18 ಕೆಜಿ ತೂಗುತ್ತಾನೆ. ಮೇಲಿನ ಮನೆಯ ಬಾಡಿಗೆಯವರ ಹತ್ತಿರ ಬ್ರೂನೋ ಅಂತ ಲ್ಯಾಬ್ರಡಾರ್ ಮರಿ ಇದೆ. ಹಾಗಾಗಿ ನಾಯಿ ಊಟದ ಮಾತು ನಮ್ಮ ಮೆಟ್ಟಿಲ ಮೇಲೆ ದಿನಾ ನಡೆಯುತ್ತಲೇ ಇರುತ್ತದೆ. ಇದನ್ನೆಲ್ಲ ಒಂದು ಕಡೆ ಬರೆದಿಡೋಣ ಅನ್ನಿಸಿದ್ದಕ್ಕೆ ಅದೇ ಕಾರಣ.

ನಮ್ಮೂರ ತಿಂಡಿಯಿಂದಲೇ ಶುರು ಮಾಡುತ್ತೇನೆ. ಬೆಣ್ಣೆ ದೋಸೆ ಪಾರ್ಸೆಲ್ ತಂದ ದಿನ ಬಾಗಿಲ ಬಳಿ ನಾಯಿ ಕೂತು ನೋಡುತ್ತದೆ, ನಮಗೆ ಕರುಳು ಚುರುಕ್ ಅನ್ನುತ್ತದೆ, ಒಂದು ತುಂಡು ಎಸೆಯುತ್ತೇವೆ. ಆ ತುಂಡಿನಲ್ಲಿ ಬೆಣ್ಣೆ ಇದೆ, ಪಲ್ಯದಲ್ಲಿ ಈರುಳ್ಳಿ ಇದೆ. ಇದ್ದಕ್ಕಿದ್ದಂತೆ ಜಾಸ್ತಿ ಜಿಡ್ಡು ಹೊಟ್ಟೆಗೆ ಬಿದ್ದರೆ ಕೆಲವು ನಾಯಿಗಳಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ಪ್ಯಾಂಕ್ರಿಯಾಟೈಟಿಸ್ ಅಂತಾರಲ್ಲ, ಅದು. ನಾಯಿ ಮತ್ತೆ ಮತ್ತೆ ವಾಂತಿ ಮಾಡುತ್ತದೆ, ಹೊಟ್ಟೆ ಮುಟ್ಟಲು ಬಿಡುವುದಿಲ್ಲ, ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಮೇಲೆತ್ತಿ ನಿಲ್ಲುತ್ತದೆ. ಹಾಗೆ ನಿಂತದ್ದು ಕಂಡರೆ ಅದು ಮೈಮುರಿಯುತ್ತಿದೆ ಅಂತ ಸುಮ್ಮನಿರಬೇಡಿ, ಹೊಟ್ಟೆನೋವು ಇರಬಹುದು. ಎಲ್ಲಾ ನಾಯಿಗೂ ಹೀಗಾಗುವುದಿಲ್ಲ ನಿಜ. ಯಾವುದಕ್ಕೆ ಆಗುತ್ತದೆ ಅಂತ ಮುಂಚೆ ಗೊತ್ತಾಗುವುದೂ ಇಲ್ಲ. ಖಾರಾ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಕಥೆಯೂ ಇದೇ. ಮಂಡಕ್ಕಿ ಪಾಪ ಬರೀ ಅಕ್ಕಿ, ಒಗ್ಗರಣೆ ಇಲ್ಲದ ಒಣ ಮಂಡಕ್ಕಿ ನಾಲ್ಕು ಕಾಳು ತಿಂದರೆ ಏನೂ ಆಗದು. ಅದಕ್ಕೆ ಹಸಿ ಈರುಳ್ಳಿ, ಬೆಳ್ಳುಳ್ಳಿ, ಎಣ್ಣೆ ಕಲಸಿದ ಮೇಲೆ ಅದು ನಮ್ಮ ತಿಂಡಿ, ನಾಯಿಯದ್ದಲ್ಲ.

ಈರುಳ್ಳಿಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇದನ್ನು ನಂಬುವವರೇ ಕಡಿಮೆ. ಈರುಳ್ಳಿ ಬೆಳ್ಳುಳ್ಳಿಯಲ್ಲಿರುವ ಗಂಧಕದ ಅಂಶಗಳು ನಾಯಿಯ ಕೆಂಪು ರಕ್ತಕಣಗಳನ್ನು ಹಾಳು ಮಾಡುತ್ತವೆ. ಕಣಗಳು ಒಡೆದು ರಕ್ತ ಕಡಿಮೆಯಾಗುತ್ತದೆ. ಬೇಯಿಸಿದರೂ, ಹುರಿದರೂ, ಪುಡಿ ಮಾಡಿದರೂ ವಿಷ ಹೋಗುವುದಿಲ್ಲ. ನಾಯಿಯ ತೂಕದ ಪ್ರತಿ ಕೆಜಿಗೆ 15ರಿಂದ 30 ಗ್ರಾಂ ಈರುಳ್ಳಿ ಸಾಕು, ರಕ್ತದಲ್ಲಿ ಬದಲಾವಣೆ ಕಾಣಲು. ಐದು ಕೆಜಿಯ ಪೊಮೆರೇನಿಯನ್‌ಗೆ ಲೆಕ್ಕ ಹಾಕಿ, 75 ಗ್ರಾಂ, ಅಂದರೆ ಒಂದು ಸಾಧಾರಣ ಗಡ್ಡೆ. ಬೆಳ್ಳುಳ್ಳಿ ಇದಕ್ಕಿಂತ ಚುರುಕು. ಇನ್ನೊಂದು ತೊಂದರೆ ಏನೆಂದರೆ ತಿಂದ ದಿನ ನಾಯಿ ಚೆನ್ನಾಗಿಯೇ ಇರುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಸುಸ್ತು, ವಸಡು ಬಿಳಿಚಿಕೊಳ್ಳುವುದು, ಮೂತ್ರ ಕಂದು ಬಣ್ಣಕ್ಕೆ ತಿರುಗುವುದು. ಅಷ್ಟರಲ್ಲಿ ಯಾರಿಗೂ ಭಾನುವಾರದ ಬಿರಿಯಾನಿ ಗ್ರೇವಿ ನೆನಪಿರುವುದಿಲ್ಲ. "ನಮ್ಮಜ್ಜಿ ಕಾಲದಿಂದ ಸಾರು ಅನ್ನ ಹಾಕಿದ್ದೀವಿ, ಏನೂ ಆಗಿಲ್ಲ" ಅಂತಾರೆ. ಅಜ್ಜಿ ಕಾಲದ ನಾಯಿ ಸೊರಗಿದರೆ ಅದರ ರಕ್ತ ಯಾರು ಪರೀಕ್ಷೆ ಮಾಡಿಸಿದ್ದರು?

ಹುಣಸೆಹಣ್ಣಿನದ್ದು ಹೊಸ ವಿಷಯ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತವೆ ಅನ್ನೋದು ತುಂಬಾ ವರ್ಷದಿಂದ ಗೊತ್ತಿತ್ತು, ಯಾವ ಅಂಶದಿಂದ ಅಂತ ಗೊತ್ತಿರಲಿಲ್ಲ. 2021ರಲ್ಲಿ ಅಮೆರಿಕದ ಪ್ರಾಣಿ ವಿಷ ತಜ್ಞರು ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ಮಾರನೇ ವರ್ಷ, ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಅದೇ ರೀತಿ ಕಿಡ್ನಿ ಕೈಕೊಟ್ಟ ಪ್ರಕರಣಗಳನ್ನು ಸೇರಿಸಿ ಪ್ರಬಂಧ ಪ್ರಕಟಿಸಿದರು. ಹುಣಸೆಹಣ್ಣಿನ ಹುಳಿಯೇ ಈ ಟಾರ್ಟಾರಿಕ್ ಆಮ್ಲ. ನಮ್ಮ ಕಡೆ ಹುಣಸೆ ಇಲ್ಲದ ಸಾರು ಎಲ್ಲಿದೆ ಹೇಳಿ? ಸಾರಿನ ಒಂದು ತೊಟ್ಟು ನೆಕ್ಕಿದ ನಾಯಿ ಸಾಯುತ್ತದೆ ಅಂತ ನಾನು ಹೆದರಿಸುತ್ತಿಲ್ಲ. ಆದರೆ ಅಂಗಳದಲ್ಲಿ ಒಣ ಹಾಕಿದ ಹುಣಸೆಹಣ್ಣು, ಪುಳಿಯೋಗರೆ ಗೊಜ್ಜು, ಹಿಂಡಿ ಬಿಸಾಕಿದ ಗಸಿ, ಇವು ನಾಯಿಗೆ ಸಿಗದ ಹಾಗೆ ನೋಡಿಕೊಳ್ಳಿ. ಒಣದ್ರಾಕ್ಷಿ ಅಂದರೆ ಪಾಯಸ, ಕೇಸರಿಬಾತ್, ಬೂಂದಿ ಲಾಡು. ಹಬ್ಬದ ದಿನ ಮಕ್ಕಳು ಪ್ರೀತಿಯಿಂದ ತಮ್ಮ ಎಲೆಯಿಂದ ತೆಗೆದು ಹಾಕುವುದು ಇವನ್ನೇ. ಒಂದು ನಾಯಿ ಒಂದು ಹಿಡಿ ತಿಂದೂ ಓಡಾಡಿಕೊಂಡಿರುತ್ತದೆ, ಇನ್ನೊಂದು ನಾಲ್ಕೈದಕ್ಕೇ ಮಲಗಿಬಿಡುತ್ತದೆ.

ಚಾಕೊಲೇಟ್ ಬೇಡ ಅನ್ನುವುದು ಈಗ ಬಹುತೇಕ ಎಲ್ಲರಿಗೂ ಗೊತ್ತು. ಕಪ್ಪಗೆ ಕಹಿ ಇದ್ದಷ್ಟೂ ಅಪಾಯ ಜಾಸ್ತಿ. ಗೊತ್ತಿಲ್ಲದಿರುವುದು ಕ್ಸೈಲಿಟಾಲ್ ಅನ್ನುವ, ಸಕ್ಕರೆ ಬದಲು ಹಾಕುವ ಸಿಹಿ ವಸ್ತು. ಸಕ್ಕರೆ ಇಲ್ಲದ ಚೂಯಿಂಗ್ ಗಮ್, ಕೆಲವು ಪೀನಟ್ ಬಟರ್, ಟೂತ್‌ಪೇಸ್ಟ್, ಸಕ್ಕರೆ ಕಾಯಿಲೆಯವರಿಗೆ ಅಂತ ಮಾಡಿದ ಮಿಠಾಯಿ, ಇವುಗಳಲ್ಲಿ ಇರುತ್ತದೆ. ನಮಗೆ ಏನೂ ಮಾಡದ ಈ ವಸ್ತು ನಾಯಿಯ ದೇಹದಲ್ಲಿ ಇನ್ಸುಲಿನ್ ಉಕ್ಕಿಸಿ ರಕ್ತದ ಸಕ್ಕರೆಯನ್ನು ಅರ್ಧ ಗಂಟೆಯಲ್ಲೇ ಇಳಿಸಬಹುದು. ಮನೆಯಲ್ಲಿ ಶುಗರ್ ಇರುವ ಹಿರಿಯರಿದ್ದರೆ ಅವರ ಡಬ್ಬಿಗಳ ಮೇಲೆ ಬರೆದಿರುವುದನ್ನು ಒಮ್ಮೆ ಓದಿಬಿಡಿ.

ನನಗೆ ನಿಜವಾಗಿ ಸಿಟ್ಟು ಬರುವುದು ಒಂದು ಮಾತಿಗೆ. "ಮುಗ್ಗಲು ಹಿಟ್ಟು, ನಾಯಿಗೆ ಹಾಕಿಬಿಡು." ಜೋಳದ ಹಿಟ್ಟು ಮುಗ್ಗಿದರೆ ನಾಯಿಗೆ, ರೊಟ್ಟಿ ಬೂಷ್ಟು ಹಿಡಿದರೆ ನಾಯಿಗೆ, ಶೇಂಗಾ ಕಹಿ ಆದರೆ ನಾಯಿಗೆ, ಅನ್ನ ಹಳಸಿದರೆ ನಾಯಿಗೆ. ನಮ್ಮದು ಮೆಕ್ಕೆಜೋಳದ ಜಿಲ್ಲೆ, ಪಕ್ಕದ ಚಳ್ಳಕೆರೆ ಶೇಂಗಾದ ಸೀಮೆ. ಈ ಎರಡರ ಮೇಲೇ ಒಂದು ಜಾತಿಯ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ. ಕಟಾವಿನ ಹೊತ್ತಿಗೆ ಮಳೆ ಬಂದು ತೆನೆ ಸರಿಯಾಗಿ ಒಣಗದಿದ್ದರೆ ಇದು ಜಾಸ್ತಿ, ನಮ್ಮ ರೈತರಿಗೆ ಹೇಳಿಕೊಡಬೇಕಾದದ್ದಿಲ್ಲ. ಬೇಯಿಸಿದರೆ ಬೂಷ್ಟು ಸಾಯುತ್ತದೆ, ವಿಷ ಉಳಿಯುತ್ತದೆ. ನಾಯಿಯ ಲಿವರ್ ಇದನ್ನು ತಡೆದುಕೊಳ್ಳುವುದೇ ಇಲ್ಲ. ಅಮೆರಿಕದಲ್ಲಿ ನಾಯಿ ಆಹಾರದಲ್ಲಿ ಇದು ನೂರು ಕೋಟಿ ಪಾಲಿಗೆ 20 ಪಾಲು ದಾಟಬಾರದು ಅಂತ ಮಿತಿ ಇದೆ. ಅಂಥಾ ದೇಶದಲ್ಲೇ 2020ರ ಡಿಸೆಂಬರ್‌ನಲ್ಲಿ ಒಂದು ಕಂಪನಿಯ ಆಹಾರದಲ್ಲಿ ಮಿತಿ ಮೀರಿ ಸಿಕ್ಕಿತು, ಆ ಆಹಾರ ತಿಂದ ಮೇಲೆ ಸತ್ತವೆಂದು ವರದಿಯಾದ ನಾಯಿಗಳೇ 70ಕ್ಕೂ ಜಾಸ್ತಿ. ಅಲ್ಲಿ ಯಾರೋ ಲೆಕ್ಕ ಇಟ್ಟಿದ್ದರು. ನಮ್ಮಲ್ಲಿ ಬೂಷ್ಟು ರೊಟ್ಟಿ ತಿಂದು ವಾರಗಟ್ಟಲೆ ಬಳಲಿ ಹೋದ ನಾಯಿಯ ಲೆಕ್ಕ ಯಾರೂ ಇಡುವುದಿಲ್ಲ. ನಾವು ತಿನ್ನಲಾಗದ್ದು ತಿಪ್ಪೆಗೆ ಹೋಗಲಿ. ನಾಯಿಯ ಹೊಟ್ಟೆ ತಿಪ್ಪೆ ಅಲ್ಲ.

ಸರಿ, ಬೇಡದ್ದು ಇಷ್ಟು. ಹಾಕುವುದು ಏನು?

ನಾಯಿ ಮಾಂಸಾಹಾರಿ, ಅನ್ನ ಮುದ್ದೆ ಅದಕ್ಕೆ ಅರಗುವುದೇ ಇಲ್ಲ ಅಂತ ಹೇಳುವವರಿದ್ದಾರೆ. ಅದು ಸರಿಯಲ್ಲ. ಪಿಷ್ಟ ಅರಗಿಸುವ ಅಮೈಲೇಸ್‌ನ ಜೀನ್ ತೋಳದಲ್ಲಿ ಎರಡೇ ಪ್ರತಿ ಇದ್ದರೆ ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇರುತ್ತದೆ ಅಂತ ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತೋರಿಸಿದ್ದಾರೆ. ಮನುಷ್ಯನ ಜೊತೆ ಬದುಕಿ ಬದುಕಿ ನಾಯಿ ನಮ್ಮ ಕಾಳು ಕಡ್ಡಿಗೆ ಒಗ್ಗಿಕೊಂಡಿದೆ. ಹಾಗಾಗಿ ಚೆನ್ನಾಗಿ ಬೆಂದ ಅನ್ನ, ರಾಗಿ, ಮೆಕ್ಕೆಜೋಳದ ನುಚ್ಚು ಎಲ್ಲವೂ ಅರಗುತ್ತವೆ. ಅರಗುತ್ತದೆ ಅಂದ ಮಾತ್ರಕ್ಕೆ ಅದೊಂದೇ ಸಾಕು ಅಂತಲ್ಲ.

ನಮ್ಮ ಕಡೆ ಸಸ್ಯಾಹಾರಿ ಮನೆಗಳು ಜಾಸ್ತಿ. ನಮ್ಮದೂ ಅದೇ. ಇಂಥ ಮನೆಯ ನಾಯಿಯ ಊಟ ಅಂದರೆ ಮೊಸರನ್ನ. ಒಮ್ಮೆ ಲೆಕ್ಕ ಹಾಕೋಣ. ಕೆಂಚನಂಥ 18 ಕೆಜಿ ನಾಯಿಗೆ ದಿನಕ್ಕೆ ಹತ್ತಿರ ಹತ್ತಿರ 1000 ಕ್ಯಾಲೊರಿ ಬೇಕು. ಕಾಲು ಕೆಜಿ ಅಕ್ಕಿಯ ಅನ್ನ, 200 ಗ್ರಾಂ ಮೊಸರು ಹಾಕಿದರೆ ಆ ಕ್ಯಾಲೊರಿ ಬಂದುಬಿಡುತ್ತದೆ, ಹೊಟ್ಟೆಯೂ ತುಂಬುತ್ತದೆ. ಅದರಲ್ಲಿ ಸಿಗುವ ಪ್ರೋಟೀನ್ 25 ಗ್ರಾಂ ಆಸುಪಾಸು. ಬೇಕಾದದ್ದು ಕನಿಷ್ಠ 45 ಗ್ರಾಂ. ಕ್ಯಾಲ್ಸಿಯಂ 300 ಮಿಲಿಗ್ರಾಂ ಸಿಕ್ಕರೆ ಹೆಚ್ಚು, ಬೇಕಾದದ್ದು 1250. ಅಂದರೆ ಪ್ರೋಟೀನ್ ಹೆಚ್ಚುಕಡಿಮೆ ಅರ್ಧ, ಕ್ಯಾಲ್ಸಿಯಂ ಕಾಲು ಭಾಗ. ಹೊಟ್ಟೆ ತುಂಬಿದ ನಾಯಿ ಬಾಲ ಆಡಿಸುತ್ತದೆ, ನಾವು ಖುಷಿ ಪಡುತ್ತೇವೆ. ಕೂದಲು ಉದುರುವುದು, ಮೈ ಮಂಕಾಗುವುದು, ತೊಡೆ ಸಣ್ಣಗಾಗುವುದು ಎಷ್ಟು ನಿಧಾನ ಅಂದರೆ ದಿನಾ ನೋಡುವವರ ಕಣ್ಣಿಗೆ ಬೀಳುವುದಿಲ್ಲ.

ರಾಗಿ ಇಲ್ಲಿ ನಿಜವಾಗಿಯೂ ಸಹಾಯಕ್ಕೆ ಬರುತ್ತದೆ. ಅಕ್ಕಿಯಲ್ಲಿ 100 ಗ್ರಾಂಗೆ 10 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ರಾಗಿಯಲ್ಲಿ 340ಕ್ಕೂ ಜಾಸ್ತಿ. ಅದರಲ್ಲಿ ಎಲ್ಲವೂ ಮೈಗೆ ಸೇರುವುದಿಲ್ಲ, ರಾಗಿಯಲ್ಲಿರುವ ಫೈಟೇಟ್ ಅನ್ನುವ ಅಂಶ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದರೂ ಅಕ್ಕಿಗೂ ರಾಗಿಗೂ ಹೋಲಿಕೆಯೇ ಇಲ್ಲ. ಚಿತ್ರದುರ್ಗದ ಕಡೆ ಹಳ್ಳಿಗಳಲ್ಲಿ ಕುರಿ ಕಾಯುವ ನಾಯಿಗಳಿಗೆ ಮುದ್ದೆ, ಅಂಬಲಿ, ಮಜ್ಜಿಗೆ ಹಾಕುತ್ತಾರಲ್ಲ, ಬರೀ ಅನ್ನಕ್ಕಿಂತ ಅದು ಎಷ್ಟೋ ವಾಸಿ. ಪ್ರೋಟೀನ್ ಮಾತ್ರ ರಾಗಿಯಲ್ಲೂ 7 ಗ್ರಾಂ ಅಷ್ಟೇ. ಅದನ್ನು ಬೇರೆ ಕಡೆಯಿಂದ ತರಲೇಬೇಕು.

ನಮ್ಮ ಮನೆಯಲ್ಲಿ ಅದಕ್ಕೊಂದು ದಾರಿ ಮಾಡಿಕೊಂಡಿದ್ದೇವೆ. ಹಿತ್ತಲಲ್ಲಿ ಒಂದು ಬೇರೆ ಒಲೆ, ಕೆಂಚನದ್ದೇ ಒಂದು ಪಾತ್ರೆ. ಅತ್ತೆ ಮೊಟ್ಟೆ ಮುಟ್ಟುವವರಲ್ಲ. "ಅವನ ದೇಹಕ್ಕೆ ಬೇಕಾದ್ದು ಅವನಿಗೆ, ನಮ್ಮ ವ್ರತ ಅವನ ಮೇಲೆ ಯಾಕೆ ಹೇರಬೇಕು?" ಅಂತ ಅವರೇ ಒಲೆಗೆ ಜಾಗ ತೋರಿಸಿದರು. ಆ ಮಾತು ನನಗೆ ತುಂಬಾ ಇಷ್ಟ. ಬೆಳಿಗ್ಗೆ ಅವನಿಗೆ 60 ಗ್ರಾಂ ರಾಗಿ ಹಿಟ್ಟಿನ ಗಟ್ಟಿ ಗಂಜಿ, ಬೇಯಿಸಿದ ಎರಡು ಮೊಟ್ಟೆ, ಸ್ವಲ್ಪ ಮೊಸರು, ಸಿಹಿಗುಂಬಳ ಅಥವಾ ಕ್ಯಾರೆಟ್ ಬೇಯಿಸಿದ್ದು. ರಾತ್ರಿ ಸಂಪೂರ್ಣ ಆಹಾರ ಅಂತ ಬರೆದಿರುವ ಒಣ ಪ್ಯಾಕೆಟ್ ಫುಡ್ 150 ಗ್ರಾಂ, ತಕ್ಕಡಿಯಲ್ಲಿ ತೂಗಿ. ಕುಕ್ಕರಿನಲ್ಲಿ ನಮಗೆ ಬೇಳೆ ಬೆಂದಾಗ ಖಾರ, ಹುಳಿ, ಈರುಳ್ಳಿ ಯಾವುದೂ ಬೀಳುವ ಮೊದಲೇ ಎರಡು ಸೌಟು ಕಟ್ಟು ಅವನ ಗಂಜಿಗೆ ಹೋಗುತ್ತದೆ. ಇದು ಕೆಂಚನ ಲೆಕ್ಕ, ನಿಮ್ಮ ನಾಯಿಯದ್ದು ಬೇರೆ ಇರುತ್ತದೆ. ತೂಕ ವಯಸ್ಸು ಹೇಳಿ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಪೂರ್ತಿ ಮನೆ ಊಟವೇ ಹಾಕುವುದಾದರೆ ಇನ್ನೂ ಮುಖ್ಯ, ಯಾಕೆಂದರೆ ಆಗ ಕ್ಯಾಲ್ಸಿಯಂ, ಸತು, ವಿಟಮಿನ್ ಡಿ ಎಲ್ಲವನ್ನೂ ಕೂಡಿಸಬೇಕು. ವಿಟಮಿನ್ ಡಿ ನಮಗೆ ಬಿಸಿಲಿಂದ ಬರುತ್ತದೆ, ನಾಯಿಯ ಚರ್ಮಕ್ಕೆ ಬೇಕಾದಷ್ಟು ಮಾಡಿಕೊಳ್ಳುವ ಶಕ್ತಿ ಇಲ್ಲ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಇಡೀ ದಿನ ಮಲಗಿದರೂ ಅದು ಊಟದಿಂದಲೇ ಸಿಗಬೇಕು.

ಮೊಟ್ಟೆ ಹಸಿ ಕೊಡಬೇಡಿ. ಹಸಿ ಬಿಳಿ ಭಾಗ ಬಯೋಟಿನ್ ಅನ್ನುವ ವಿಟಮಿನ್ ಹೀರಿಕೊಳ್ಳಲು ಬಿಡುವುದಿಲ್ಲ, ಸಾಲ್ಮೊನೆಲ್ಲಾ ಅನ್ನುವ ರೋಗಾಣುವಿನ ಭಯ ಬೇರೆ. ಹಾಲು ಕೆಲವು ನಾಯಿಗಳಿಗೆ ಆಗುವುದಿಲ್ಲ, ಭೇದಿ ಆಗುತ್ತದೆ. ಮೊಸರು, ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ.

ಮಾಂಸ ತಿನ್ನುವ ಮನೆಯವರಿಗೆ ಇದು ಸುಲಭ ಅನ್ನಿಸಬಹುದು. ಅಲ್ಲೂ ಗುಂಡಿಗಳಿವೆ. ಕೋಳಿ ಅಂಗಡಿಯಲ್ಲಿ ಕಾಲು, ತಲೆ, ಚರ್ಮ, ಕತ್ತು ಎಲ್ಲ ಒಂದು ಕವರಿಗೆ ತುಂಬಿ "ನಾಯಿಗೆ ತಗೊಳ್ಳಿ ಅಕ್ಕಾ" ಅಂತ ಕಡಿಮೆ ದುಡ್ಡಿಗೆ ಕೊಡುತ್ತಾರೆ. ಅದರಲ್ಲಿ ಚರ್ಮ, ಜಿಡ್ಡು ಜಾಸ್ತಿ, ಮಾಂಸ ಕಡಿಮೆ. ಬೇಯಿಸಿದರೆ ಮೂಳೆ ಪೆಡಸಾಗಿ ಚೂಪಾಗಿ ಸೀಳುತ್ತದೆ, ಗಂಟಲಲ್ಲೋ ಕರುಳಲ್ಲೋ ಚುಚ್ಚುತ್ತದೆ. ಬೇಯಿಸದಿದ್ದರೆ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ತರದ ರೋಗಾಣು. ನಾಯಿಗೆ ಏನೂ ಆಗದಿದ್ದರೂ ಅದರ ಬಾಯಿ ನೆಕ್ಕಿಸಿಕೊಳ್ಳುವ ಮಗುವಿಗೆ ಆಗಬಹುದು. ಮೂಳೆ ಬಿಡಿಸಿದ ಮಾಂಸವನ್ನು ಉಪ್ಪು ಖಾರ ಇಲ್ಲದೆ ಬೇಯಿಸಿ ಹಾಕಿ. ಬರೀ ಕೋಳಿ ಮಾಂಸ ಅನ್ನ ಹಾಕಿದರೂ ಕ್ಯಾಲ್ಸಿಯಂ ಬರುವುದಿಲ್ಲ, ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಅತಿ ಕಡಿಮೆ. ಬೆಳೆಯುವ ಮರಿಗೆ ತಿಂಗಳುಗಟ್ಟಲೆ ಹೀಗೆ ಹಾಕಿದರೆ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತದೆ, ಕಾಲು ಸೊಟ್ಟ ಆಗುತ್ತದೆ, ಸಣ್ಣ ಜಿಗಿತಕ್ಕೇ ಮೂಳೆ ಮುರಿಯುತ್ತದೆ. ಮೊಟ್ಟೆ ಚಿಪ್ಪನ್ನು ಕುದಿಸಿ ಒಣಗಿಸಿ ನುಣ್ಣಗೆ ಪುಡಿ ಮಾಡಿದರೆ ಒಂದು ಟೀ ಚಮಚದಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅಗ್ಗದ, ಒಳ್ಳೆಯ ದಾರಿ. ಎಷ್ಟು ಹಾಕಬೇಕು ಅನ್ನುವುದು ಮಾತ್ರ ಡಾಕ್ಟರ್ ಹೇಳಿದಷ್ಟೇ.

ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದಾಗ ಇಡೀ ಊರಲ್ಲಿ ಬಾಡೂಟ. ಆ ವಾರ ನಾಯಿಗಳನ್ನು ಒಳಗೇ ಇಟ್ಟುಕೊಳ್ಳಿ, ವಾಕಿಂಗ್ ಹೋದರೂ ಹಗ್ಗ ಬಿಗಿಯಾಗಿರಲಿ. ರಸ್ತೆ ತುಂಬಾ ಬೆಂದ ಮೂಳೆ ಬಿದ್ದಿರುತ್ತವೆ. ಅದಕ್ಕಿಂತ ದೊಡ್ಡ ವಿಷಯ ಹಸಿ ಕುರಿ ಲಿವರ್, ಶ್ವಾಸಕೋಶ. ಅದರಲ್ಲಿ ನೀರು ತುಂಬಿದ ಗುಳ್ಳೆಗಳಿದ್ದರೆ ಅದು ಹೈಡಾಟಿಡ್. ಅದನ್ನು ತಿಂದ ನಾಯಿಯ ಕರುಳಲ್ಲಿ ಎಕಿನೊಕಾಕಸ್ ಅನ್ನುವ ಸಣ್ಣ ಲಾಡಿಹುಳು ಬೆಳೆಯುತ್ತದೆ, ಅದರ ಮೊಟ್ಟೆ ನಾಯಿಯ ಮಲದಿಂದ ಮನುಷ್ಯರ ಹೊಟ್ಟೆಗೆ ಸೇರಿದರೆ ನಮ್ಮ ಲಿವರ್‌ನಲ್ಲೇ ಅಂಥಾ ಗುಳ್ಳೆ ಏಳುತ್ತದೆ. ಕುರಿ ಕೊಯ್ಯುವ ಜಾಗದಲ್ಲಿ ಬಿಸಾಕಿದ್ದನ್ನು ನಾಯಿ ಮುಟ್ಟಬಾರದು. ಲಿವರ್ ಹಾಕಬೇಕು ಅನ್ನಿಸಿದರೆ ಚೆನ್ನಾಗಿ ಬೇಯಿಸಿ, ಸ್ವಲ್ಪವೇ, ಅಪರೂಪಕ್ಕೆ. ದಿನಾ ಹಾಕಿದರೆ ವಿಟಮಿನ್ ಎ ಅತಿಯಾಗುತ್ತದೆ.

ಇನ್ನು ಪ್ಯಾಕೆಟ್. ಮೊದಲನೆಯದಾಗಿ, ಬಿಡಿಯಾಗಿ ಕೆಜಿ ಲೆಕ್ಕದಲ್ಲಿ ಮಾರುವ ಒಣ ಆಹಾರ ತರಬೇಡಿ. ಅಕ್ಕಿ ಬೇಳೆ ತರ ಗೋಣಿ ಬಾಯಿ ತೆರೆದಿಟ್ಟಿರುತ್ತಾರೆ, ಹತ್ತಿಪ್ಪತ್ತು ರೂಪಾಯಿ ಉಳಿಯುತ್ತದೆ. ಯಾವ ಕಂಪನಿ, ಯಾವ ಬ್ಯಾಚ್, ಯಾವಾಗ ತಯಾರಾಯಿತು, ಯಾವಾಗ ಮುಗಿಯುತ್ತದೆ, ಒಂದೂ ಗೊತ್ತಾಗುವುದಿಲ್ಲ. ಕಾಳಿನ ಮೇಲೆ ಸವರಿದ ಕೊಬ್ಬು ಗಾಳಿಗೆ, ನಮ್ಮ ಬಿಸಿಲಿಗೆ ಕೆಟ್ಟು ಕಮಟು ವಾಸನೆ ಬರುತ್ತದೆ, ರಾತ್ರಿ ಇಲಿ ಓಡಾಡುತ್ತದೆ. 2007ರಲ್ಲಿ ಉತ್ತರ ಅಮೆರಿಕದಲ್ಲಿ ಗೋಧಿ ಗ್ಲುಟೆನ್‌ಗೆ ಮೆಲಮೈನ್ ಅನ್ನುವ ವಿಷಕಾರಿ ರಾಸಾಯನಿಕ ಬೆರೆಸಿದ್ದು ಬಯಲಾದಾಗ ಕಂಪನಿಗಳು ಬ್ಯಾಚ್ ಹಿಡಿದು ಆಹಾರ ವಾಪಸ್ ತರಿಸಿಕೊಂಡವು. ಬ್ಯಾಚ್ ನಂಬರ್ ಇರುವ ಚೀಲ ಕೈಯಲ್ಲಿದ್ದವರಿಗಷ್ಟೇ ತಮ್ಮ ನಾಯಿ ತಿಂದದ್ದು ಅದೇ ಅಂತ ಖಚಿತವಾಗಿ ಗೊತ್ತಾಗುವುದು. ಸಣ್ಣ ಚೀಲವೇ ತನ್ನಿ, ಬಾಯಿ ಬಿಗಿದು ಆ ಚೀಲ ಸಮೇತ ಡಬ್ಬಿಯಲ್ಲಿಡಿ, ಮಳೆಗಾಲದಲ್ಲಂತೂ ಜೋಪಾನ.

ಚೀಲದ ಮುಂದಿನ ಚಿತ್ರ ನೋಡಬೇಡಿ, ಹಿಂದೆ ತಿರುಗಿಸಿ. ಸಂಪೂರ್ಣ ಸಮತೋಲನ ಆಹಾರ ಅಂತ ಬರೆದಿದೆಯಾ, ಯಾವ ವಯಸ್ಸಿನ ನಾಯಿಗೆ ಅಂತ ಇದೆಯಾ ನೋಡಿ. ಪೂರಕ ಆಹಾರ ಅಂತಿದ್ದರೆ ಅದು ಊಟ ಅಲ್ಲ. ಅಮೆರಿಕದ ಆಫ್ಕೊ ಅನ್ನುವ ಒಕ್ಕೂಟದ ಲೆಕ್ಕದಲ್ಲಿ ನೀರಿನಂಶ ತೆಗೆದ ಮೇಲೆ ಬೆಳೆದ ನಾಯಿಗೆ ಕನಿಷ್ಠ 18 ಶೇಕಡಾ, ಮರಿಗೆ 22.5 ಶೇಕಡಾ ಪ್ರೋಟೀನ್ ಇರಬೇಕು. ನಮ್ಮ ದೇಶದ ಮಾನದಂಡ ಸಂಸ್ಥೆ ಬಿಐಎಸ್‌ನದ್ದೂ ಐಎಸ್ 11968 ಅಂತ ಒಂದು ಮಾನದಂಡ ಇದೆ. "ನೀರಿನಂಶ ತೆಗೆದ ಮೇಲೆ" ಅನ್ನುವುದನ್ನು ಮರೆಯಬೇಡಿ. ಗ್ರೇವಿ ಪೌಚ್ ಮೇಲೆ ಪ್ರೋಟೀನ್ 8 ಅಂತಿರುತ್ತದೆ, ಒಣ ಚೀಲದ ಮೇಲೆ 20. ಪೌಚಿನಲ್ಲಿ ನೀರೇ 80 ಭಾಗ. ನೀರು ಬಿಟ್ಟು ನೋಡಿದರೆ ಅದರ ಪ್ರೋಟೀನ್ 40 ಶೇಕಡಾ, ಒಣದ್ದು 22ರಷ್ಟು. ಸಾಮಾನುಗಳ ಪಟ್ಟಿಯಲ್ಲಿ ತೂಕ ಜಾಸ್ತಿ ಇರುವುದು ಮೊದಲು ಬರುತ್ತದೆ. ಮುಂದೆ ದಪ್ಪಗೆ ಚಿಕನ್ ಅಂತಿದ್ದು ಪಟ್ಟಿಯಲ್ಲಿ ಮೊದಲ ಮೂರು ಧಾನ್ಯವೇ ಇದ್ದರೆ ಆ ಚಿಕನ್‌ಗೆ ಎಷ್ಟು ದುಡ್ಡು ಕೊಡುತ್ತಿದ್ದೀರಿ ಯೋಚಿಸಿ. ಹಾಗಂತ ಧಾನ್ಯವೇ ಇಲ್ಲದ ದುಬಾರಿ ಚೀಲದ ಹಿಂದೆ ಬೀಳಬೇಡಿ. ಬಟಾಣಿ, ಕಾಳು, ಆಲೂಗಡ್ಡೆ ತುಂಬಿದ ಅಂಥ ಆಹಾರಕ್ಕೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ಸಂಬಂಧ ಇದೆಯಾ ಅಂತ ಅಮೆರಿಕದ ಆಹಾರ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆ ಶುರು ಮಾಡಿತು, ಇದೇ ಕಾರಣ ಅಂತ ಸಾಬೀತಾಗಲಿಲ್ಲ. ಧಾನ್ಯ ತಿಂದು ಚೆನ್ನಾಗಿರುವ ನಾಯಿಗೆ ಧಾನ್ಯ ತಪ್ಪಿಸುವುದರಿಂದ ಸಿಗುವುದೇನು?

ಬ್ರೂನೋ ವಿಷಯಕ್ಕೆ ಬರುತ್ತೇನೆ. ಮರಿ ತಂದ ದಿನವೇ ಅಂಗಡಿಯವರು ಆಹಾರದ ಜೊತೆ ಒಂದು ಕ್ಯಾಲ್ಸಿಯಂ ಸಿರಪ್, ಒಂದು ವಿಟಮಿನ್ ಬಾಟಲಿ, ಒಂದು ಹಾಲಿನ ಪುಡಿ ಕೊಟ್ಟು ಕಳಿಸಿದ್ದರು. ಲ್ಯಾಬ್, ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ತರ ದೊಡ್ಡದಾಗಿ ಬೆಳೆಯುವ ಮರಿಗಳಿಗೆ ಈ ಸಿರಪ್ ಒಳ್ಳೆಯದು ಮಾಡುವುದಿಲ್ಲ. ಮರಿಗಳ ಆಹಾರದಲ್ಲಿ ಬೇಕಾದ ಕ್ಯಾಲ್ಸಿಯಂ ಆಗಲೇ ಇರುತ್ತದೆ. ಚಿಕ್ಕ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ಬೇಡ ಅನ್ನುವ ಶಕ್ತಿ ಇನ್ನೂ ಬಂದಿರುವುದಿಲ್ಲ, ಕೊಟ್ಟದ್ದೆಲ್ಲ ಒಳಗೆ ಹೋಗಿ ಮೂಳೆ, ಕೀಲು ಸರಿಯಾಗಿ ಬೆಳೆಯುವುದಿಲ್ಲ. ಮೇಲಿನ ಮನೆಯ ಹುಡುಗ ಡಾಕ್ಟರ್ ಹತ್ತಿರ ಎಲ್ಲ ಬಾಟಲಿ ಒಯ್ದು ತೋರಿಸಿದ, ಅವರು ಮೂರನ್ನೂ ಪಕ್ಕಕ್ಕಿಟ್ಟರು. ಬರೀ ಅನ್ನ ತಿನ್ನುವ ಮರಿಗೆ ಕ್ಯಾಲ್ಸಿಯಂ ಬೇಕು, ದೊಡ್ಡ ತಳಿಯ ಮರಿ ಆಹಾರ ತಿನ್ನುವ ಮರಿಗೆ ಬೇಡ. ಇದನ್ನು ಅಂಗಡಿಯಲ್ಲಿ ಯಾರೂ ಕೇಳುವುದೇ ಇಲ್ಲ, ಬಾಟಲಿ ಮಾರುತ್ತಾರೆ.

ಎಷ್ಟು ಹಾಕಬೇಕು? ಪಕ್ಕೆ ಮುಟ್ಟಿ ನೋಡಿ. ಒತ್ತದೆ ಸವರಿದರೆ ಪಕ್ಕೆಲುಬು ಕೈಗೆ ಸಿಗಬೇಕು, ದೂರದಿಂದ ಎಣಿಸುವ ಹಾಗೆ ಕಾಣಬಾರದು, ಮೇಲಿಂದ ನೋಡಿದರೆ ಸೊಂಟ ಒಳಗೆ ಹೋಗಿರಬೇಕು. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ನೋಡಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಅರ್ಧ ನಾಯಿಗಳಿಗೆ ಉಳಿದವುಗಳಿಗಿಂತ 25 ಶೇಕಡಾ ಕಡಿಮೆ ಊಟ. ಕಡಿಮೆ ತಿಂದವು ಸುಮಾರು 1.8 ವರ್ಷ ಜಾಸ್ತಿ ಬದುಕಿದವು, ಕೀಲುನೋವೂ ತಡವಾಗಿ ಬಂತು. ನಾಯಿಯ ಆಯಸ್ಸಿನಲ್ಲಿ ಸುಮಾರು ಎರಡು ವರ್ಷ ಅಂದರೆ ಎಷ್ಟು ದೊಡ್ಡದು! ಅದನ್ನು ನಾವು ಗ್ಲೂಕೋಸ್ ಬಿಸ್ಕತ್ತಿಗೆ ಕಳೆಯುತ್ತಿದ್ದೇವೆ. ಮೈದಾ, ಸಕ್ಕರೆ, ಎಣ್ಣೆ ಬಿಟ್ಟರೆ ಅದರಲ್ಲಿ ಏನಿದೆ? ತಿನಿಸು ಏನೇ ಕೊಟ್ಟರೂ ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗ ದಾಟದಿರಲಿ. ಕೆಂಚನಿಗೆ ಸೌತೆಕಾಯಿ, ಬೀಜ ತೆಗೆದ ಸೇಬು, ಕ್ಯಾರೆಟ್ ಕೊಡುತ್ತೇವೆ, ಬೇಸಿಗೆಯಲ್ಲಿ ಬೀಜ ತೆಗೆದ ಕಲ್ಲಂಗಡಿ. ನೀರಿನ ಬಟ್ಟಲು ಮಾತ್ರ ಯಾವಾಗಲೂ ತುಂಬಿರಲಿ, ಮಾರ್ಚ್ ಬಂತೆಂದರೆ ಎರಡು ಕಡೆ ಇಡಿ.

ಇದನ್ನು ಓದಿ ನಾಳೆಯೇ ಎಲ್ಲ ಬದಲಾಯಿಸಬೇಡಿ, ಭೇದಿ ಶುರುವಾಗುತ್ತದೆ. ಹಳೆಯದರಲ್ಲಿ ಹೊಸದನ್ನು ಸ್ವಲ್ಪ ಸ್ವಲ್ಪ ಬೆರೆಸುತ್ತಾ ಏಳರಿಂದ ಹತ್ತು ದಿನ ತೆಗೆದುಕೊಳ್ಳಿ.

ಕಡೆಯದಾಗಿ, ತಿನ್ನಬಾರದ್ದು ತಿಂದೇಬಿಟ್ಟರೆ. ಲಕ್ಷಣ ಕಾಣಲಿ ಅಂತ ಕಾಯಬೇಡಿ, ದ್ರಾಕ್ಷಿ ತಿಂದ ನಾಯಿಯ ಕಿಡ್ನಿ ಕೆಟ್ಟದ್ದು ಗೊತ್ತಾಗಲು ಒಂದರಿಂದ ಮೂರು ದಿನ ಬೇಕು, ವಾಂತಿ ಮಾಡಿಸಿದರೆ ಉಪಯೋಗ ಆಗುವುದು ಮೊದಲ ಎರಡು ಗಂಟೆಯಲ್ಲಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮ ಕಡೆ ರೂಢಿ. ದಯವಿಟ್ಟು ಮಾಡಬೇಡಿ. ಉಪ್ಪೇ ವಿಷವಾಗಿ ನಾಯಿ ಹೋಗಬಹುದು. ಡಾಕ್ಟರಿಗೆ ಫೋನ್ ಮಾಡಿ ಮೂರು ವಿಷಯ ಹೇಳಿ: ಏನು ತಿಂದಿದೆ, ಎಷ್ಟು ತಿಂದಿರಬಹುದು, ನಾಯಿಯ ತೂಕ ಎಷ್ಟು. ಕವರ್ ಇದ್ದರೆ ಜೊತೆಗೆ ಒಯ್ಯಿರಿ. ಊರಲ್ಲಿ ಆಗದಂಥ ಕೇಸ್ ಆದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೋಗಬೇಕಾಗಬಹುದು, ಆ ನಂಬರ್ ಮತ್ತು ನಿಮ್ಮ ಡಾಕ್ಟರ್ ನಂಬರ್ ಎರಡನ್ನೂ ಇವತ್ತೇ ಮೊಬೈಲಿನಲ್ಲಿ ಹಾಕಿಕೊಳ್ಳಿ, ಮನೆಯ ಹಿರಿಯರ ಮೊಬೈಲಿನಲ್ಲೂ. ಹಗಲು ಹೊತ್ತಲ್ಲಿ ನಾಯಿಯ ಜೊತೆ ಮನೆಯಲ್ಲಿರುವವರು ಅವರೇ.